ಲಕ್ಷ್ಯ ಎಲ್ಲಿತ್ತು

ಪಂಚವಟಿ, ನಾಸಿಕ
೭ ಜುಲೈ ೨೦೨೫

ಚಿ. ಸೌ. ವಸುಧಾಳಿಗೆ,

ಆಶೀರ್ವಾದ ಮೊದಲು, ಸಿಟ್ಟು ಆಮೇಲೆ. ನನ್ನ ಕಿವಿ ಮಂದವಾದ ಮೇಲೆ ಫೋನಿನಲ್ಲಿ ನಿನ್ನ ಮಾತು ಬರೀ ಸರಸರ ಎಂದು ಕೇಳುತ್ತದೆ. ಎದುರಿಗೆ ಕೂತವರ ತುಟಿ ನೋಡಿದರೆ ತಿಳಿಯುತ್ತದೆ, ಫೋನಿಗೆಲ್ಲಿಯ ತುಟಿ? ಆದ್ದರಿಂದ ಇನ್ನು ಮೇಲೆ ಪತ್ರ. ಮೂವತ್ತೊಂದು ವರ್ಷ ಗದಗ ಜಿಲ್ಲೆಯ ಕನ್ನಡ ಸಾಲೆಗಳಲ್ಲಿ ಮಕ್ಕಳಿಗೆ ಪತ್ರ ಬರೆಯಲು ಕಲಿಸಿದವಳು ನಾನು. ಸೊಸೆಗೆ ಬರೆಯಲು ನಾಚಿಕೆ ಏಕೆ?

ನೀನು ಬ್ಯಾಂಕಿನ ವರ್ಗಾವಣೆಯ ಮೇಲೆ ಸಂಭಾಜಿನಗರಕ್ಕೆ ಹೋಗಿ ತಿಂಗಳಾಯಿತು. ಫ್ರಿಜ್ಜಿಗೆ ಅಂಟಿಸಿ ಹೋದ ಪಟ್ಟಿ ಹಾಗೇ ಇದೆ. ಸಕ್ಕರೆ ಇಲ್ಲ, ಹಾಲು ಇಲ್ಲ, ಗೋಧಿ ಇಲ್ಲ, ಬಣ್ಣ ಹಾಕಿದ್ದು ಯಾವುದೂ ಇಲ್ಲ. ಒಂಬತ್ತು ವರ್ಷದ ಮಗುವಿಗೆ ಏನುಂಟು ಎಂದು ಬರೆಯುವುದನ್ನು ಮರೆತಿದ್ದೀಯೇನೋ ಎಂದು ಪಟ್ಟಿಯ ಹಿಂಬದಿಯನ್ನೂ ತಿರುಗಿಸಿ ನೋಡಿದೆ.

ನಿನ್ನ ಆತಂಕ ನನಗೆ ಗೊತ್ತಿಲ್ಲದ್ದಲ್ಲ. ನಮ್ಮ ಮೃಣಾಲಿನಿಗೆ ಗಮನದ ತೊಂದರೆ ಇದೆ, ಗುಳಿಗೆ ಶುರುಮಾಡೋಣ ಎಂದು ಡಾಕ್ಟರು ಹೇಳಿದಾಗ ನೀನು ದೀಪಾವಳಿಯವರೆಗೆ ಸಮಯ ಕೇಳಿದೆ, ಊಟದಿಂದಲೇ ಸರಿಮಾಡುತ್ತೇನೆ ಎಂದೆ. ಗುಳಿಗೆ ನನಗೂ ಬೇಡ. ಅದಕ್ಕೇ ಆ ಪ್ರಿಯಂವದಾ ಮೇಡಂ, ಮೊಬೈಲಿನಲ್ಲಿ ಮಕ್ಕಳ ಆಹಾರದ ಪಾಠ ಹೇಳುವಾಕೆ, ಹೇಳಿದ ಹಾಗೆ ವಹಿ ಇಟ್ಟಿದ್ದೇನೆ. ಒಂದು ಕಡೆ ತಿಂದದ್ದು, ಇನ್ನೊಂದು ಕಡೆ ಲಕ್ಷ್ಯ ಹತ್ತಕ್ಕೆ ಎಷ್ಟು ಎಂಬ ಅಂಕ.

ಅಂಕವನ್ನು ಮಾತ್ರ ನಾನು ಹಾಕಲಾರೆ. ಊರ ಮಕ್ಕಳಿಗೆಲ್ಲ ಹಾಕಿ ಸಾಕಾಗಿದೆ. ಲಕ್ಷ್ಯ ಎಷ್ಟಿತ್ತು ಎನ್ನುವ ಬದಲು ಎಲ್ಲಿತ್ತು ಎಂದು ಬರೆಯುತ್ತಿದ್ದೇನೆ. ಓದಿಕೋ.

ಬುಧವಾರ: ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ. ಲಕ್ಷ್ಯ ನೀರಿನ ಟಾಕಿಯ ಮೇಲೆ ಕೂತ ಪಾರಿವಾಳದ ಕೊರಳಿನ ಬಣ್ಣದಲ್ಲಿ.

ಶುಕ್ರವಾರ: ಅನ್ನ, ಸಾರು. ಲಕ್ಷ್ಯ ಸಾರಿನ ಮೇಲೆ ತೇಲುವ ಒಗ್ಗರಣೆಯ ಎಣ್ಣೆಯಲ್ಲಿ. ಹದಿನೇಳು ಬೊಟ್ಟು ಎಣಿಸಿದಳು. ಸಾರು ಆರಿ ತಣ್ಣಗಾಯಿತು.

ಭಾನುವಾರ, ಆಷಾಢ ಏಕಾದಶಿ: ನಾನು ನಿರಾಹಾರ, ಆಕೆಗೆ ಅವಲಕ್ಕಿ. ಗೋದಾವರಿ ಏರಿದ್ದಾಳೆ. ನೀರು ರಾಮಕುಂಡದ ಹತ್ತಿರ ನದಿಯಲ್ಲೇ ನಿಂತ ಎರಡು ಮುಖದ ದುತೋಂಡ್ಯಾ ಮಾರುತಿಯ ಮೊಣಕಾಲು ಮುಟ್ಟಿದ್ದನ್ನು ಅಷ್ಟು ಜನರಲ್ಲಿ ಮೊದಲು ನೋಡಿದವಳು ಇವಳೇ. "ಅಜ್ಜಿ, ಮಾರುತಿಗೆ ಥಂಡಿ ಹತ್ತೂದಿಲ್ಲೇನು?" ಎಂದು ಕೇಳಿದಳು. ಮನೆಗೆ ಬಂದು ಏಳರ ಮಗ್ಗಿ ಹೇಳು ಎಂದರೆ ಏಳು ನಾಲ್ಕಲೆ ತನಕ ಬಂದು ಮತ್ತೆ ಆ ನೀರಿಗೇ ಹೊರಟುಹೋದಳು.

ನಿನ್ನ ಅತ್ತೆ,
ಕಸ್ತೂರಿಬಾಯಿ


ಛತ್ರಪತಿ ಸಂಭಾಜಿನಗರ
೧೫ ಜುಲೈ ೨೦೨೫

ತೀರ್ಥರೂಪ ಅತ್ತೆಯವರಿಗೆ,

ನಮಸ್ಕಾರ. ಸಿಟ್ಟನ್ನೂ ಆಶೀರ್ವಾದದ ಜೊತೆಗೇ ಸೆರಗಿಗೆ ಹಾಕಿಕೊಂಡಿದ್ದೇನೆ.

ಪಾರಿವಾಳದ ಕೊರಳನ್ನು ನಾನು ಮೇಡಂಗೆ ಹೇಗೆ ಕಳಿಸಲಿ ಹೇಳಿ? ಅವರಿಗೆ ಅಂಕ ಬೇಕು. ಯಾವ ದಿನ ಏನು ತಿಂದಾಗ ಅಂಕ ಇಳಿಯಿತು ಎಂದು ನೋಡಿಯೇ ಮುಂದಿನದನ್ನು ಬಿಡಿಸುವುದು. ದಯವಿಟ್ಟು ಅಂಕ ಹಾಕಿರಿ. ಅವಳ ಓರಗೆಯ ಮಕ್ಕಳು ಪುಸ್ತಕ ಮುಗಿಸಿ ಮುಂದೆ ಹೋಗುತ್ತಿರುವಾಗ ನನ್ನ ಮಗಳು ಸಾರಿನ ಎಣ್ಣೆ ಎಣಿಸುತ್ತಾ ಕೂತರೆ ನನಗೆ ಇಲ್ಲಿ ಅನ್ನ ಇಳಿಯುವುದಿಲ್ಲ.

ನನ್ನ ಅನ್ನದ ವ್ಯವಸ್ಥೆ ಸರಿಯಾಗಿದೆ. ರೂಮಿನ ಕೆಳಗೇ ಕುಂದಾಪುರದ ದೇವದಾಸರ ಹೋಟೆಲು. ಅವರ ಹೆಂಡತಿ ಜಲಜಾಕ್ಷಿಯಮ್ಮ ಗಲ್ಲಾದ ಮೇಲೆ ಕೂತಿರುತ್ತಾರೆ. ಮೊನ್ನೆ, "ಎಂತ ಮಾರಾಯ್ರೆ, ಮೊಸರನ್ನಕ್ಕೆ ಮೂರನೇ ಸಲ ಉಪ್ಪು ಹಾಕ್ತಾ ಇದ್ದೀರಲ್ಲ!" ಎಂದು ಕೂಗಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಊರು ಚೆನ್ನಾಗಿದೆ. ಒಬ್ಬ ವಯಸ್ಸಾದ ಗ್ರಾಹಕರ ಸಹಿಗಾಗಿ ಪನಚಕ್ಕಿ ಎಂಬ ಹಳೆಯ ನೀರುಗಿರಣಿಯ ಕಡೆ ಹೋಗಿದ್ದೆ. ಅಲ್ಲಿ ಎತ್ತರದ ಗೋಡೆಯಿಂದ ಕೊಳಕ್ಕೆ ನೀರು ಬೀಳುತ್ತದೆ. ಹನಿಗಳು ಬಿಸಿಲಿಗೆ ಬಿಳಿಯಾಗಿ, ನೆರಳಿಗೆ ಹಸಿರಾಗಿ ಕಾಣುತ್ತವೆ. ಐದು ನಿಮಿಷ ಎಂದು ನಿಂತೆ. ಮ್ಯಾನೇಜರರ ಫೋನು ಬಂದಾಗ ಒಂದೂಕಾಲು ಗಂಟೆ ಆಗಿತ್ತು. ಸಹಿ ಮಾಡಿಸಿಕೊಳ್ಳುವುದು ಮರೆತೇಹೋಗಿತ್ತು, ಮತ್ತೆ ಹೋದೆ.

ಅಂಕ ಮರೆಯಬೇಡಿರಿ.

ನಿಮ್ಮ ಸೊಸೆ,
ವಸುಧಾ


ಪಂಚವಟಿ, ನಾಸಿಕ
೪ ಆಗಸ್ಟ್ ೨೦೨೫

ವಸುಧಾ,

ಈ ಸಲ ಆಶೀರ್ವಾದ ಒಂದೇ, ಸಿಟ್ಟಿಗೆ ರಜೆ. ಸಾಲೆಯ ಟೀಚರು ಮೃಣಾಳ ಡೈರಿಯಲ್ಲಿ ಮರಾಠಿಯಲ್ಲಿ ಎರಡು ಸಾಲು ಬರೆದಿದ್ದಾರೆ. ವರ್ಗದಲ್ಲಿ ಲಕ್ಷ್ಯ ಸುಧಾರಿಸಿದೆ, ಗಣಿತದ ಪುಟ ಪೂರ್ತಿ ಮಾಡಿದ್ದಾಳೆ ಎಂದು. ನಿನ್ನ ಗಂಡ ದತ್ತು ಓಝರ್‌ನ ಕಾರಖಾನೆಯಿಂದ ಬಂದವನು ಬೂಟು ಬಿಚ್ಚುವುದನ್ನೂ ಬಿಟ್ಟು ಅದನ್ನು ನಾಲ್ಕು ಸಲ ಓದಿದ.

ಮುಂಜಾನೆ ಆಕೆ ನನ್ನ ಜೊತೆಗೇ ಏಳುತ್ತಾಳೆ. ಹೂ ಬಿಡಿಸುತ್ತಾಳೆ, ಪೂಜೆಗೆ ಕೂರುತ್ತಾಳೆ. ಪೂಜೆ ಮುಗಿದ ಮೇಲೆ ಅಲ್ಲೇ ಚಾಪೆಯ ಮೇಲೆ ಅಭ್ಯಾಸ. ನಾಲ್ಕು ಲೆಕ್ಕ ಮಾಡಿದರೆ ಎದ್ದು ತುಳಸಿಗೆ ನೀರು ಹಾಕಿ ಬರುವುದು. ಮತ್ತೆ ನಾಲ್ಕು, ಪಾರಿವಾಳಗಳಿಗೆ ಕಾಳು. ಮತ್ತೆ ನಾಲ್ಕು. ಆಮೇಲೆ ಬಿಸಿ ರೊಟ್ಟಿ. ಒಂದೇ ಸಮನೆ ಕೂರು ಎಂದರೆ ಕೂರದ ಹುಡುಗಿ, ಈಗ ಎದ್ದು ಹೋದಷ್ಟೇ ಬೇಗ ತಿರುಗಿ ಬರುತ್ತಾಳೆ.

ನಿನ್ನ ಮೇಡಂಗೆ ಅಂಕ ಬೇಕಲ್ಲವೇ? ಏಳು ಹಾಕಿದ್ದೇನೆ. ಬೇಕಾದರೆ ಎಂಟು ಮಾಡಿಕೋ.

ಕಸ್ತೂರಿಬಾಯಿ


ಛತ್ರಪತಿ ಸಂಭಾಜಿನಗರ
೧೧ ಆಗಸ್ಟ್ ೨೦೨೫

ಅತ್ತೆಯವರೆ,

ನಿಮ್ಮ ಪತ್ರವನ್ನು ಕೌಂಟರಿನ ಮೇಲೆಯೇ ಓದಿ ಅತ್ತುಬಿಟ್ಟೆ. ಎದುರಿಗೆ ನಿಂತ ಗ್ರಾಹಕರು ಗಾಬರಿಯಾದರು.

ಕೊನೆಗೂ ಸಕ್ಕರೆ ಮತ್ತು ಹಾಲೇ ಶತ್ರುಗಳು ಎಂದಾಯಿತು ನೋಡಿರಿ! ಎರಡು ತಿಂಗಳಲ್ಲೇ ಫಲ. ಮೇಡಂ ನಡೆಸುವ ನಮ್ಮ ತಾಯಂದಿರ ಮೊಬೈಲ್ ಗುಂಪಿನಲ್ಲಿ ನಲವತ್ತು ಜನ ಇದ್ದಾರೆ. ಅವರಿಗೆಲ್ಲ ಮೃಣಾಳ ಕಥೆ ಬರೆದು ಕಳಿಸಿದೆ. ಮೇಡಂ ಅದನ್ನು ಪಾಠದಲ್ಲಿ ಓದಿ ಹೇಳಿದರಂತೆ. ಈಗ ಎರಡನೇ ಹಂತ: ಶೇಂಗಾ, ಬಾಳೆಹಣ್ಣು, ಬೆಲ್ಲ ಬಂದ್. ಅವಳ ಶೇಂಗಾ ಚಟ್ನಿಯ ಡಬ್ಬಿಯನ್ನು ಮೇಲಿನ ಕಪಾಟಿಗೆ ಏರಿಸಿಬಿಡಿರಿ.

ನಿನ್ನೆ ಫೋನಿನಲ್ಲಿ ಮೃಣಾ, "ಅಮ್ಮಾ, ನಾ ಈಗ ಒಳ್ಳೇಕಿ ಆದೆನೇನು?" ಎಂದು ಕೇಳಿದಳು. "ಹೌದು ಬಂಗಾರಾ, ಸಕ್ಕರಿ, ಹಾಲು ಬಿಟ್ಟಿಯಲ್ಲಾ, ಅದಕ್ಕs ಒಳ್ಳೇಕಿ ಆದಿ" ಎಂದೆ. ಸುಮ್ಮನಾದಳು. ಖುಷಿಗೆ ಇರಬೇಕು.

ವಸುಧಾ


ಪಂಚವಟಿ, ನಾಸಿಕ
೯ ಸೆಪ್ಟೆಂಬರ್ ೨೦೨೫

ವಸುಧಾ,

ಗಣಪತಿ ಹೋದ. ಮನೆ ಖಾಲಿ ಖಾಲಿ. ಈ ಪತ್ರವನ್ನು ಮೂರು ದಿನದಿಂದ ಬರೆಯುತ್ತಿದ್ದೇನೆ. ಮೊದಲು ಪೂರ್ತಿ ಓದು, ಆಮೇಲೆ ಏನು ಬೈಯುತ್ತೀಯೋ ಬೈ.

ಮೃಣಾಗೆ ನಾನು ಕನ್ನಡ ಅಕ್ಷರ ಕಲಿಸುತ್ತಿದ್ದೇನೆ. ಬೇರೆ ಪುಸ್ತಕವಿಲ್ಲವೆಂದು ಆ ವಹಿಯನ್ನೇ ಮುಂದಿಟ್ಟುಕೊಂಡು ಓದಿಸುತ್ತಿದ್ದೆ. ಶನಿವಾರ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾ ನಿಂತುಬಿಟ್ಟಳು.

"ಅಜ್ಜಿ, ಪಂಚಾಮೃತ ಇದರಾಗ ಎಲ್ಲೂ ಇಲ್ಲಲ್ಲಾ?"

"ಹುಚ್ಚಿ, ಅದು ಪ್ರಸಾದ. ಪ್ರಸಾದ ಯಾರರ ಊಟದಾಗ ಹಿಡೀತಾರೇನು?"

"ಆದರ ಅದರಾಗ ದೂಧ ಅದ. ದಹೀ. ತೂಪ. ಮಧ. ಸಾಖರ." ಮರಾಠಿಯಲ್ಲಿ ಹೇಳುತ್ತಾ ಒಂದೊಂದಕ್ಕೆ ಒಂದು ಬೆರಳು ಮಡಚಿದಳು. ಮುಷ್ಟಿ ಕಟ್ಟಿತು. ಅದನ್ನು ನನ್ನ ಮುಂದೆ ಹಿಡಿದು ಕೂತಳು.

ವಸುಧಾ, ದೇವರಾಣೆ, ನನಗೆ ಹೊಳೆದೇ ಇರಲಿಲ್ಲ. ಅರವತ್ತು ವರ್ಷದಿಂದ ನಾನು ಮುಂಜಾನೆ ಪ್ರಸಾದ ತೆಗೆದುಕೊಂಡು, ಯಾರಾದರೂ ಕೇಳಿದರೆ ಇನ್ನೂ ಏನೂ ತಿಂದಿಲ್ಲ ಎಂದೇ ಹೇಳುತ್ತಾ ಬಂದವಳು. ಅಂಗೈ ಚಾಚಿದ ಮಗುವಿಗೆ ದಿನವೂ ಬಟ್ಟಲು ತುಂಬ ಕೊಟ್ಟಿದ್ದೇನೆ. ಗುರುವಾರ ದತ್ತಾತ್ರೇಯನ ಗುಡಿಯ ಪೇಢೆ. ಗಣಪತಿ ಹತ್ತು ದಿನ ಇದ್ದಾಗ ಮೋದಕ, ಅದೂ ಗೋಧಿಹಿಟ್ಟಿನದು. ಇದ್ಯಾವುದೂ ವಹಿಯಲ್ಲಿ ಇಲ್ಲ.

ಎಂದರೆ ಟೀಚರು ಹೊಗಳಿದ ಆ ತಿಂಗಳಿಡೀ ನಮ್ಮ ಹುಡುಗಿ ಹಾಲು, ಸಕ್ಕರೆ ಎರಡೂ ತಿಂದಿದ್ದಾಳೆ. ಬಿಟ್ಟದ್ದರಿಂದ ಸುಧಾರಿಸಲಿಲ್ಲ. ಮತ್ತೆ ಯಾವುದರಿಂದ, ನನಗೆ ಗೊತ್ತಿಲ್ಲ. ನಿನಗೆ ಮುಚ್ಚಿಡಲು ಮನಸ್ಸು ಒಪ್ಪಲಿಲ್ಲ.

ಕಸ್ತೂರಿಬಾಯಿ


ಛತ್ರಪತಿ ಸಂಭಾಜಿನಗರ
೧೫ ಸೆಪ್ಟೆಂಬರ್ ೨೦೨೫

ಅತ್ತೆಯವರೆ,

ನೀವು ನನಗೆ ಮೋಸ ಮಾಡಿದಿರಿ. ದೇವರ ಹೆಸರಿನಲ್ಲಿ ಮಾಡಿದಿರಿ. ನಲವತ್ತು ತಾಯಂದಿರಿಗೆ ನಾನೀಗ ಏನು ಹೇಳಲಿ?

ಪ್ರಸಾದವೂ ಬಂದ್. ಅಜ್ಜಿ ಕೊಟ್ಟರೂ ಬಾಯಿಗೆ ಹಾಕಬಾರದು, ಹಾಕಿದರೆ ಮತ್ತೆ ಮೊದಲಿನ ಹಾಗೇ ಆಗುತ್ತೀ ಎಂದು ಮೃಣಾಗೆ ಹೇಳಿದ್ದೇನೆ. ದೀಪಾವಳಿಗೆ ಐದು ವಾರ ಉಳಿದಿದೆ.

ವಸುಧಾ


ಪಂಚವಟಿ, ನಾಸಿಕ
೬ ಅಕ್ಟೋಬರ್ ೨೦೨೫

ವಸುಧಾ,

ದಸರೆಗೆ ನೀನು ಎರಡು ದಿನ ಬಂದೆ. ಬನ್ನಿ ಕೊಟ್ಟು ನನ್ನ ಕಾಲಿಗೆ ನಮಸ್ಕಾರ ಮಾಡಿದೆ, ನನ್ನ ಮುಖ ನೋಡಲಿಲ್ಲ. ಇರಲಿ. ಅದರ ಬಗ್ಗೆ ಅಲ್ಲ ಈ ಪತ್ರ.

ಶನಿವಾರ ಸಾಲೆಯ ಪ್ರಾರ್ಥನೆಯಲ್ಲಿ ಮೃಣಾ ಬಿದ್ದಳು. ದತ್ತು ನಿನಗೆ ಫೋನು ಮಾಡಿ, ಬಿಸಿಲಿಗೆ ಚಕ್ಕರು ಬಂದಿತ್ತು, ಈಗ ಆರಾಮ ಎಂದಿದ್ದಾನೆ. ಬಿಸಿಲಿಗಲ್ಲ. ಹಸಿವಿಗೆ.

ಮೂರು ವಾರದಿಂದ ಅವಳು ಊಟದ ಡಬ್ಬಿಯನ್ನು ಖಾಲಿ ಮಾಡಿಕೊಂಡು ಬರುತ್ತಿದ್ದಳು, ನಾನು ತಿಂದಳೆಂದೇ ವಹಿಯಲ್ಲಿ ಬರೆಯುತ್ತಿದ್ದೆ. ಸಾಲೆಯ ಹಿಂದಿನ ಗೋಡೆಯ ಮೇಲೆ ಕಾಗೆಗಳಿಗೆ ಹಾಕುತ್ತಿದ್ದಳಂತೆ. ಮನೆಯಲ್ಲಿ ನಾನು ಒಲೆಯ ಕಡೆ ತಿರುಗಿದಾಗ ರೊಟ್ಟಿ ಫ್ರಾಕಿನ ಕಿಸೆಗೆ. ಅವಳ ಅರಿವೆ ಬದಲಿಸುವಾಗ ಪಕ್ಕೆಲುಬು ನೋಡಿದೆ. ನೀನು ಎರಡು ದಿನ ಇದ್ದೆಯಲ್ಲ, ನೀನೂ ನೋಡಲಿಲ್ಲ. ನಾವಿಬ್ಬರೂ ವಹಿಯನ್ನು ನೋಡುತ್ತಿದ್ದೆವು.

ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದೆ.

"ಯಾವುದು ತಿಂದ್ರ ಕೆಟ್ಟಕಿ ಆಗತೀನಿ ಅಂತ ನಮಗ ಇನ್ನೂ ತಿಳದಿಲ್ಲಲ್ಲಾ ಅಜ್ಜಿ. ಅದಕ್ಕ ಎಲ್ಲಾನೂ ಬಿಟ್ಟೆ."

ವಸುಧಾ, ಇಷ್ಟು ನೆಟ್ಟಗೆ ವಿಚಾರ ಮಾಡುವ ಮಗುವಿಗೆ ಲಕ್ಷ್ಯವಿಲ್ಲ ಎಂದು ಯಾವ ಬಾಯಿಂದ ಹೇಳುತ್ತೇವೆ?

ದತ್ತು, ನಾನು ಇಬ್ಬರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಮೂರು ಕಿಲೋ ಇಳಿದಿದ್ದಾಳೆ. ಡಾಕ್ಟರು ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು ನಿಧಾನವಾಗಿ ಹೇಳಿದರು. ಇದು ಊಟದಿಂದ ಬಂದದ್ದಲ್ಲ, ಊಟ ಬಿಡಿಸಿದರೆ ಹೋಗುವಂಥದ್ದೂ ಅಲ್ಲ. ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬ ಉಣ್ಣಲಿ, ನಿದ್ದೆ ಮಾಡಲಿ, ಅಭ್ಯಾಸವನ್ನು ತುಂಡು ತುಂಡಾಗಿ ಮಾಡಲಿ. ಪೂಜೆಯ ಚಾಪೆಯ ಮಾತು ಹೇಳಿದೆ. ನಾಲ್ಕು ಲೆಕ್ಕ, ತುಳಸಿಗೆ ನೀರು, ಮತ್ತೆ ನಾಲ್ಕು ಲೆಕ್ಕ. "ಅಜ್ಜೀ, ಆ ತಿಂಗಳು ಅವಳಿಗೆ ಸಹಾಯ ಮಾಡಿದ್ದು ಅದೇ ಇರಬೇಕು, ಅದರ ಜೊತೆಗೆ ಗುಳಿಗೆಯೂ ಬೇಕಾಗಬಹುದು" ಎಂದರು.

ಒಂದು ಮಾತು ನಿನಗೆ ಹೇಳಲೇಬೇಕು. ರೋಣದ ಸಾಲೆಯಲ್ಲಿ ನನ್ನ ಮೂರನೇ ವರ್ಗದಲ್ಲಿ ಯಮನವ್ವ ಎಂಬ ಹುಡುಗಿ ಇದ್ದಳು. ಇಡೀ ದಿನ ಕಿಟಕಿಯ ಹೊರಗೆ ನೋಡುವಳು. ನಾನು ಅವಳ ಅಪ್ಪನನ್ನು ಕರೆಸಿ, "ಇಕಿಗೆ ಇದು ಹತ್ತೂದಿಲ್ಲ, ಸುಮ್ನ ಯಾಕ ಕಳಸ್ತೀರಿ" ಎಂದೆ. ಮರುದಿನದಿಂದ ಅವಳು ಬರಲಿಲ್ಲ. ಅವಳ ಲಕ್ಷ್ಯ ಎಲ್ಲಿತ್ತು ಎಂದು ನಾನು ಒಂದು ದಿನವೂ ಕೇಳಲಿಲ್ಲ. ಆ ಪಾಪ ನನ್ನದು, ನನ್ನ ಜೊತೆಗೇ ಬರುತ್ತದೆ.

ಇನ್ನೊಂದು. ಮನೆಯಲ್ಲಿ ಯಾರಿಗಾದರೂ ಹೀಗೆ ಇತ್ತೇ ಎಂದು ಡಾಕ್ಟರು ಕೇಳಿದರು. ದತ್ತು ಇಲ್ಲವೆಂದ. ಮನೆಗೆ ಬಂದು ನಿನ್ನ ಪತ್ರಗಳನ್ನು ತೆಗೆದು ಮತ್ತೆ ಓದಿದೆ. ತಪ್ಪು ಹುಡುಕಲು ಅಲ್ಲ ಮಗಳೇ. ನಿನಗೆ ಹೇಳಬೇಕೆನಿಸಿದರೆ ಹೇಳು, ಇಲ್ಲದಿದ್ದರೆ ಈ ಕೊನೆಯ ಸಾಲುಗಳನ್ನು ಓದಲಿಲ್ಲ ಎಂದುಕೋ.

ಅತ್ತೆ


ಛತ್ರಪತಿ ಸಂಭಾಜಿನಗರ
೧೧ ಅಕ್ಟೋಬರ್ ೨೦೨೫

ಅತ್ತೆಯವರೆ,

ಓದಿದೆ.

ಡಾಕ್ಟರ ಪ್ರಶ್ನೆಗೆ ಉತ್ತರ ನಾನೇ.

ವಿಜಯಪುರದ ನಮ್ಮ ಮನೆಯಲ್ಲಿ ನಾನು ಅಭ್ಯಾಸಕ್ಕೆ ಕೂತಾಗ ನನ್ನ ಅವ್ವ ನನ್ನ ಹೆರಳನ್ನು ಕಿಟಕಿಯ ಸರಳಿಗೆ ಕಟ್ಟುತ್ತಿದ್ದಳು. ಕತ್ತು ತಿರುಗಿಸಿದರೆ ಜಗ್ಗಲಿ, ಲಕ್ಷ್ಯ ಪುಸ್ತಕಕ್ಕೆ ಮರಳಲಿ ಎಂದು. ಅವ್ವ ಕೆಟ್ಟವಳಲ್ಲ, ಆಕೆಗೂ ಬೇರೆ ದಾರಿ ಗೊತ್ತಿರಲಿಲ್ಲ. ನಾನು ಕತ್ತು ತಿರುಗಿಸದೆಯೇ ಹೊರಗೆ ಹೋಗುವುದನ್ನು ಕಲಿತೆ. ಗೋಡೆಯ ಸುಣ್ಣದ ಬಿರುಕಿನಲ್ಲಿ ನನಗೊಂದು ನದಿ ಇತ್ತು, ಅದರ ದಂಡೆಗೆ ಊರುಗಳಿದ್ದವು. ಪುಸ್ತಕದ ಪುಟ ತಿರುವುತ್ತಾ ಅಲ್ಲೇ ತಿರುಗಾಡುತ್ತಿದ್ದೆ. ಈಗಲೂ ಬ್ಯಾಂಕಿನಲ್ಲಿ ಪ್ರತಿ ಕಾಗದವನ್ನು ಮೂರು ಸಲ ನೋಡುತ್ತೇನೆ. ಜನ ನನ್ನನ್ನು ಬಹಳ ಜಾಗರೂಕಳು ಎನ್ನುತ್ತಾರೆ. ದತ್ತೂಗೆ ಇಷ್ಟು ವರ್ಷದಲ್ಲಿ ಹೇಳಿಲ್ಲ.

ಮೃಣಾ ಎರಡು ವರ್ಷದ ಮಗುವಾಗಿದ್ದಾಗಲೇ ಅವಳ ನೋಟ ನನಗೆ ಗುರುತು ಸಿಕ್ಕಿತ್ತು. ನನಗೆ ಅದು ಊಟದ್ದೇ ಆಗಬೇಕಾಗಿತ್ತು, ಅತ್ತೆ. ಹಾಲು, ಸಕ್ಕರೆ, ಗೋಧಿ, ಏನಾದರೂ ಒಂದು. ಊಟವನ್ನಾದರೆ ಬದಲಿಸಬಹುದು. ನನ್ನಿಂದ ಬಂದದ್ದು ಎಂದಾದರೆ ಅವಳ ತಟ್ಟೆಯಿಂದ ಏನನ್ನು ತೆಗೆಯಲಿ? ನನ್ನನ್ನೇ ತೆಗೆಯಬೇಕು.

ನೀವು ಮೋಸ ಮಾಡಿದಿರಿ ಎಂದೆ. ಮಗುವಿಗೆ ಸುಳ್ಳು ಹೇಳಿದವಳು ನಾನು. ನನ್ನನ್ನು ಕ್ಷಮಿಸಿರಿ ಎಂದು ಬರೆಯಲು ಮುಖವಿಲ್ಲ, ಆದರೂ ಬರೆಯುತ್ತಿದ್ದೇನೆ.

ಗುಂಪಿನ ತಾಯಂದಿರಿಗೆ ನಿನ್ನೆ ಎಲ್ಲವನ್ನೂ ಬರೆದೆ, ಪ್ರಸಾದವನ್ನೂ, ಪ್ರಾರ್ಥನೆಯಲ್ಲಿ ಬಿದ್ದದ್ದನ್ನೂ. ಮೇಡಂ ನನ್ನನ್ನು ಗುಂಪಿನಿಂದ ತೆಗೆದರು. ಅದಕ್ಕೆ ಮುಂಚೆ ಏಳು ಜನ ತಾಯಂದಿರು ನನಗೆ ಪ್ರತ್ಯೇಕವಾಗಿ ಫೋನು ಮಾಡಿದರು. ಅವರಲ್ಲಿ ಇಬ್ಬರು ಅಳುತ್ತಿದ್ದರು.

ಶುಕ್ರವಾರ ರಜೆ ಹಾಕಿ ಬರುತ್ತೇನೆ. ಪಟ್ಟಿಯನ್ನು ಹರಿದುಹಾಕಿರಿ. ಮೃಣಾಳಿಗೆ ಏನೂ ಒತ್ತಾಯ ಮಾಡಬೇಡಿರಿ, ನಾನೇ ಬಂದು ಅವಳಿಗೆ ಹೇಳುತ್ತೇನೆ. ಡಾಕ್ಟರ ಮುಂದೆಯೂ ಕೂರುತ್ತೇನೆ.

ನಿಮ್ಮ
ವಸುಧಾ


ಪಂಚವಟಿ, ನಾಸಿಕ
೩ ನವೆಂಬರ್ ೨೦೨೫

(ವಸುಧಾ, ನೀನು ದೀಪಾವಳಿ ಮುಗಿಸಿ ಹೋದ ಮೇಲೆ ಮೃಣಾ ತಾನೂ ನಿನಗೊಂದು ಪತ್ರ ಬರೆಯಬೇಕೆಂದು ಹಟ ಹಿಡಿದಳು. ಅವಳು ಹೇಳಿದ್ದಾಳೆ, ನಾನು ಬರೆದಿದ್ದೇನೆ. ಎರಡು ಸಲ ಎದ್ದು ಹೋಗಿ ಬಂದಳು. ಒಂದಕ್ಷರ ತಿದ್ದಿಲ್ಲ. ಕ.)

ಅಮ್ಮಾ,

ನಾ ಮೃಣಾ. ನಾ ಆರಾಮ ಇದ್ದೀನಿ. ಮುಂಜಾನೆ ಮೊದಲ ಅಜ್ಜಿ ಹೊಟ್ಟಿ ತುಂಬ ತಿನ್ನಸ್ತಾಳ, ಆಮ್ಯಾಲೆ ಡಾಕ್ಟರ್ ಕೊಟ್ಟ ಅರ್ಧಾ ಗೋಳಿ. ಗೋಳಿ ಕಹಿ ಇಲ್ಲ. ವರ್ಗದಾಗ ಟೀಚರ್ ಆವಾಜ ಈಗ ಸ್ವಲ್ಪ ಹತ್ರ ಕೇಳಸ್ತದ. ಖಿಡಕಿ ಇನ್ನೂ ಛಂದನೇ ಅದ.

ನಾ ಒಂದು ಗೋಷ್ಟ ಹೇಳಬೇಕು ನಿನಗ, ಅವತ್ತ ಹೇಳಲಿಲ್ಲ.

ನೀ ಮನೀಗೆ ಬಂದ ದಿನಾ ಹೇಳಿದಿಯಲ್ಲಾ, ನಿಂದು ತಪ್ಪಿಲ್ಲ, ಊಟದ್ದೂ ತಪ್ಪಿಲ್ಲ, ನಾನೂ ಸಣ್ಣಕಿ ಇದ್ದಾಗ ಹಿಂಗs ಇದ್ದೆ ಅಂತ. ನಾ ಹೂಂ ಅಂದೆ. ಆದರ ಖರೇ ಅನಸಲಿಲ್ಲ. ನನ್ನ ಸಮಾಧಾನಕ್ಕ ಹೇಳ್ತಿ ಅಂತ ತಿಳದೆ. ಊಟಾನೂ ಮಾಡಲಿಲ್ಲ, ಎರಡ ತುತ್ತು ಅಷ್ಟೆ.

ಮರುದಿನಾ ಡಾಕ್ಟರ್ ಕಡೆ ಹೋದ್ವಿ. ನೀ ಕುರ್ಚಿ ಮ್ಯಾಲೆ, ಪಪ್ಪಾ ನಿನ್ನ ಬಾಜೂಕ, ನಾ ನಡುವ ನಿಂತಿದ್ದೆ. ಡಾಕ್ಟರ್ ನಿನಗ ಪ್ರಶ್ನ ಕೇಳಿಕೋತ ಕೂತಿದ್ದರು. ಅವರ ಹಿಂದ ಪರದೆ ಇತ್ತಲ್ಲಾ, ಫ್ಯಾನಿನ ಗಾಳಿಗೆ ಮ್ಯಾಲೆ ಏಳತಿತ್ತು, ಕೆಳಗ ಇಳೀತಿತ್ತು, ಬಿಸಿಲು ಒಳಗ ಬಂದ್ಹಂಗ ಮಾಡಿ ಹೊರಗ ಹೋಗತಿತ್ತು. ನಾ ಅದನ್ನs ನೋಡಕೋತ ನಿಂತಿದ್ದೆ. ಆಮ್ಯಾಲೆ ಯಾರೂ ಮಾತಾಡವಲ್ಲರು ಅಂತ ಗೊತ್ತಾತು. ಡಾಕ್ಟರ್ ಏನೋ ಕೇಳಿ ಸುಮ್ನ ಕೂತಿದ್ದರು. ಪಪ್ಪಾನೂ ಸುಮ್ನ. ನಾ ನಿನ್ನ ಕಡೆ ನೋಡಿದೆ.

ನೀನೂ ಪರದೆ ನೋಡಲಿಕತ್ತಿದ್ದಿ.

ನನಗ ಭಾಳ ಅಂಜಿಕಿ ಆತು. ಈಗ ಇವರು ನಿನಗ ಬೈತಾರ, ಎಲ್ಲಿ ಅದ ನಿನ್ನ ಲಕ್ಷ್ಯ ಅಂತಾರ ಅಂತ. ನಾ ನಿನ್ನ ಕೈ ಗಟ್ಟಿ ಹಿಡಕೊಂಡೆ. ನೀ ಒಮ್ಮೆಲೆ ತಿರುಗಿ, "ಸಾರಿ, ಏನಂದ್ರಿ?" ಅಂದಿ. ಡಾಕ್ಟರ್ ನಕ್ಕು ಮತ್ತ ಕೇಳಿದರು. ನೀ ಹೇಳಿದಿ. ಅಷ್ಟೆ.

ಯಾರೂ ನಿನಗ ಬೈಲಿಲ್ಲ. ನಾ ಪಪ್ಪಾನ ಮುಖಾನೂ ನೋಡಿದೆ, ಡಾಕ್ಟರ್ ಮುಖಾನೂ ನೋಡಿದೆ. ಯಾರಿಗೂ ಸಿಟ್ಟು ಬಂದಿರಲಿಲ್ಲ.

ಅದಕ್ಕs ಅಮ್ಮಾ, ಅವತ್ತ ಮನೀಗೆ ಬಂದು ನಾ ಎರಡ ಚಪಾತಿ ತಿಂದೆ.

ನಿನ್ನ
ಮೃಣಾಲಿನಿ